ಹುಳು ತಿಂದ ಪತ್ರೆ

ಶ್ರಾವಣ ಮಾಸ ಬಂತೆಂದರೆ ಲಿಂಗವಂತರ ಮನೆಗಳಲ್ಲಿ ಬಿಲ್ವಪತ್ರೆಗೆ ಎಲ್ಲಿಲ್ಲದ ಬೇಡಿಕೆ. ಹರಿಹರಕ್ಕೆ ಹೊಂದಿಕೊಂಡಿರುವ ನಮ್ಮ ಗುತ್ತೂರಿನಲ್ಲಿಯೂ ಹಾಗೆಯೇ. ಪೇಟೆಯ ಬಾಡಿದ ಪತ್ರೆಯನ್ನು ನೆಚ್ಚಬಾರದೆಂದು ನಾವು ಹನ್ನೆರಡು ವರ್ಷಗಳ ಹಿಂದೆ ಹಿತ್ತಲಿನಲ್ಲಿ ಒಂದು ಬಿಲ್ವದ ಸಸಿಯನ್ನು ನೆಟ್ಟೆವು. ಅದರ ಸುತ್ತ ನಮ್ಮ ಮನೆಯವರು ನಿಂಬೆ, ಕರಿಬೇವು, ಕಣಗಿಲೆ, ದಾಸವಾಳಗಳನ್ನು ಬೆಳೆಸಿದರು. ಬೇಲಿಯ ಮಗ್ಗುಲಲ್ಲಿ ಎಕ್ಕದ ಗಿಡವೊಂದು ಯಾರೂ ನೆಡದೆ ತಾನೇ ಎದ್ದು ನಿಂತಿತು. ಪ್ರಾತಃಕಾಲ ಮಿಂದು, ತ್ರಿದಳಗಳನ್ನು ಬಿಡಿಸಿ ತಂದು, ಇಷ್ಟಲಿಂಗಕ್ಕೆ ಏರಿಸುವ ಸುಖವನ್ನು ಆ ಗಿಡ ನಮಗೆ ಕೊಟ್ಟಿತು.

ಮೂರು ವರ್ಷಗಳ ಹಿಂದಿನ ಶ್ರಾವಣದಲ್ಲಿ ಆ ಸುಖಕ್ಕೆ ವಿಘ್ನ ಬಂದಿತು. ಚಿಗುರೆಲೆಗಳ ಅಂಚು ದಿನದಿನಕ್ಕೆ ಸವೆಯತೊಡಗಿತು. ನೋಡಿದರೆ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಸಣ್ಣ ಹುಳುಗಳು. ಕೆಲವು ಬೆಳೆದು ಹಸಿರಾಗಿ ಬೆರಳಿನಷ್ಟು ದಪ್ಪವಾಗಿದ್ದವು. ಪೂಜೆಗೆ ಒಂದಾದರೂ ಮುಕ್ಕಾಗದ ಪತ್ರೆ ಸಿಗದಾಯಿತು. ಲಿಂಗಕ್ಕೆ ಸಲ್ಲುವುದನ್ನು ಹುಳು ತಿನ್ನುವುದೇ ಎಂಬ ಸಿಟ್ಟು ನಮ್ಮಲ್ಲಿ ಹುಟ್ಟಿತು. ಪೇಟೆಯಿಂದ ಔಷಧಿ ತರಿಸಿ, ಕೈಪಂಪಿನಿಂದ ಗಿಡದ ತುದಿಯಿಂದ ಬುಡದವರೆಗೆ ಹೊಡೆದೆವು. ಮರುದಿನ ಬೆಳಿಗ್ಗೆ ಹುಳುಗಳು ನೆಲಕ್ಕೆ ಬಿದ್ದಿದ್ದವು. ಒಂದು ಕೆಲಸವಾಯಿತೆಂದು ಸಮಾಧಾನಪಟ್ಟೆವು.

ಆಗ ರಜೆಗೆಂದು ಬಂದಿದ್ದ ಹತ್ತು ವರ್ಷದ ಮೊಮ್ಮಗಳು ತನ್ನ ತಾಯಿಯ ಮೊಬೈಲ್ ಫೋನನ್ನು ಹಿಡಿದು ನಮ್ಮ ಬಳಿ ಕುಳಿತಳು. ನಮಗೆ ತಿಳಿಯದಂತೆ ಅವಳು ಒಂದೇ ಹುಳುವಿನ ಚಿತ್ರವನ್ನು ಎಂಟು ದಿನ ಬೆಳಿಗ್ಗೆ ತಪ್ಪದೆ ತೆಗೆದಿದ್ದಳು. ಮೊದಲನೆಯ ದಿನ ಅದು ಎಳ್ಳಿನಷ್ಟಿತ್ತು. ಎಂಟನೆಯ ದಿನ ಹಸಿರು ಮೈಯ ಮೇಲೆ ಕಂದು ಪಟ್ಟಿಗಳು ಮೂಡಿ, ಕೊಂಬೆಯನ್ನು ಅಪ್ಪಿಕೊಂಡು ನಿದ್ರಿಸುವ ಕೂಸಿನಂತಿತ್ತು. ಒಂಬತ್ತನೆಯ ಚಿತ್ರದಲ್ಲಿ ಬರಿಯ ಕೊಂಬೆ.

“ಅಜ್ಜಾ, ಇದು ಇಲ್ಲೇ ಇತ್ತು” ಎಂದಳು. ಅಷ್ಟೇ. ನೀನು ಕೊಂದೆ ಎಂದು ಅವಳು ಹೇಳಲಿಲ್ಲ. ಹೇಳಿದ್ದರೆ ಉತ್ತರವನ್ನಾದರೂ ಕೊಡಬಹುದಾಗಿತ್ತು.

ನಾವು ಮಠದ ಪಾಠಶಾಲೆಯಲ್ಲಿ ಬೆಳೆದವರು. ದಯೆಯೇ ಧರ್ಮಕ್ಕೆ ಆಧಾರವೆಂಬ ಬಸವಣ್ಣನವರ ಉಪದೇಶವನ್ನು ಕುರಿತು ಎಷ್ಟೋ ಊರುಗಳ ವೇದಿಕೆಗಳಲ್ಲಿ ಗಂಟೆಗಟ್ಟಲೆ ಮಾತನಾಡಿದ್ದೇವೆ. ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಸಕಲ ಪ್ರಾಣಿಗಳು ಎಂದು ಬಾಯಿ ತುಂಬ ಹೇಳುವಾಗ ನಮ್ಮ ಮನಸ್ಸಿನಲ್ಲಿ ಹಸುವಿತ್ತು, ನಾಯಿಯಿತ್ತು, ಹೆಚ್ಚೆಂದರೆ ಇರುವೆಯಿತ್ತು. ನಮ್ಮ ಪತ್ರೆಯನ್ನು ತಿನ್ನುವ ಹುಳು ಇರಲಿಲ್ಲ. ನಮಗೆ ನಷ್ಟವಾಗದ ಎಡೆಯಲ್ಲಿ ಮಾತ್ರ ದಯೆ ತೋರುವವನು ದಯಾವಂತನೆಂದು ಹೇಗೆ ಹೇಳಿಕೊಂಡಾನು?

ಅಂದಿನಿಂದ ಔಷಧಿಯ ಪಂಪು ಅಟ್ಟ ಸೇರಿತು. ಮುಂದಿನ ಮಳೆಗಾಲದಲ್ಲಿ, ಮಗಳು ಬಿಟ್ಟುಹೋದ ಹಳೆಯ ಫೋನನ್ನು ಹಿಡಿದು, ಮೊಮ್ಮಗಳು ಕಲಿಸಿದಂತೆ ನಾವೇ ಹಿತ್ತಲಿಗಿಳಿದೆವು. ಆ ಹುಳುಗಳು ನಿಂಬೆ ಚಿಟ್ಟೆಯವೆಂದು ಆಗ ತಿಳಿಯಿತು. ಬಿಲ್ವವೂ ನಿಂಬೆಯೂ ಕರಿಬೇವೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು. ನಿಂಬೆಯನ್ನು ತಿನ್ನುವ ಹುಳು ಬಿಲ್ವಕ್ಕೆ ಬರುವುದು ಇದೇ ಕಾರಣದಿಂದ. ತಾಯಿ ಚಿಟ್ಟೆ ಮೊದಲು ಎಲೆಯ ಮೇಲಿಳಿದು ಮುಂಗಾಲುಗಳಿಂದ ಅದನ್ನು ತಟ್ಟಿ ರುಚಿ ನೋಡುತ್ತದೆ. ಚಿಟ್ಟೆಗೆ ರುಚಿಯ ಅರಿವು ಕಾಲುಗಳಲ್ಲಿಯೂ ಇದೆ. ತನ್ನ ಮರಿಗೆ ಒಗ್ಗುವ ಎಲೆಯೆಂದು ಖಚಿತವಾದ ಮೇಲೆ ತಿಳಿಹಳದಿ ಮುತ್ತಿನಂಥ ಮೊಟ್ಟೆಯನ್ನು ಚಿಗುರಿನ ಮೇಲಿಟ್ಟು ಹೋಗುತ್ತದೆ. ಹೊರಬಂದ ಹುಳು ಎಳೆತನದಲ್ಲಿ ಹಿಕ್ಕೆಯ ವೇಷ ತೊಟ್ಟು ಹಕ್ಕಿಗಳ ಕಣ್ಣನ್ನು ವಂಚಿಸುತ್ತದೆ. ಬೆಳೆದ ಮೇಲೆ ಕೆಣಕಿದರೆ ತಲೆಯ ಹಿಂದಿನಿಂದ ಕವಲಾದ ಕೊಂಬನ್ನು ಚಾಚಿ ಘಾಟು ವಾಸನೆಯನ್ನು ಬಿಡುತ್ತದೆ. ಕೊನೆಗೆ ಉಣಿಸನ್ನು ತೊರೆದು, ಕಡ್ಡಿಯೊಂದಕ್ಕೆ ಬಾಲವನ್ನು ಅಂಟಿಸಿ, ಸೊಂಟಕ್ಕೆ ರೇಷ್ಮೆಯ ಎಳೆಯೊಂದನ್ನು ಬಿಗಿದುಕೊಂಡು ಕೋಶವಾಗುತ್ತದೆ. ಆ ಕೋಶ ತಾನಿರುವ ಎಡೆಗೆ ತಕ್ಕಂತೆ ಹಸಿರೋ ಕಂದೋ ಆಗುವುದನ್ನೂ ಕಂಡೆವು.

ಸ್ವಂತ ನೂಲಿನಲ್ಲಿಯೇ ಸಿಲುಕುವ ಹುಳುವನ್ನು ಅಕ್ಕಮಹಾದೇವಿಯವರು ಮನುಷ್ಯನ ಆಸೆಗೆ ಹೋಲಿಸಿದ್ದಾರೆ. ಆ ವಚನಕ್ಕೆ ನಾವು ಮೂವತ್ತು ವರ್ಷ ಅರ್ಥ ಹೇಳಿದ್ದೇವೆ. ಆದರೆ ಹುಳು ನೂಲು ತೆಗೆಯುವುದನ್ನು ಒಮ್ಮೆಯೂ ನೋಡಿರಲಿಲ್ಲ. ಅರವತ್ತು ದಾಟಿದ ಮೇಲೆ, ಬಿಲ್ವದ ಗಿಡದ ಕೆಳಗೆ ಮಣೆ ಹಾಕಿ ಕುಳಿತು, ಆ ಹುಳು ತಲೆಯನ್ನು ಅತ್ತಿಂದಿತ್ತ ತೂಗಿ ಎಳೆಯ ಮೇಲೆ ಎಳೆಯನ್ನು ಕೂಡಿಸುವುದನ್ನು ನೋಡಿದೆವು. ಅಕ್ಕನವರು ಕಂಡದ್ದು ರೇಷ್ಮೆಯ ಹುಳು, ನಾವು ಕಂಡದ್ದು ಚಿಟ್ಟೆಯ ಹುಳು. ಎರಡರ ಗತಿಯೂ ಬೇರೆ. ಆದರೆ ಆ ಮಹಾತಾಯಿ ಅಂಥದೊಂದು ಹುಳುವಿನ ಮುಂದೆ ಎಷ್ಟು ಹೊತ್ತು ಕುಳಿತಿದ್ದಿರಬೇಕು ಎಂಬ ವಿಚಾರ ನಮ್ಮ ತಲೆಗೆ ಮೊದಲ ಸಲ ಹೊಳೆಯಿತು. ಕಣಗಿಲೆಯ ಎಲೆಯಡಿಯಲ್ಲಿ ತೂಗುವ ಕಾಮನ್ ಕ್ರೋ ಎಂಬ ಕಂದು ಚಿಟ್ಟೆಯ ಕೋಶವಂತೂ ಬೆಳ್ಳಿಯ ಕರಡಿಗೆಯಂತೆಯೇ ಥಳಥಳಿಸುತ್ತಿತ್ತು. ಕೊರಳ ಕರಡಿಗೆಯನ್ನು ಒಮ್ಮೆ, ಅದನ್ನು ಒಮ್ಮೆ ನೋಡಿ ನಾವು ಸುಮ್ಮನೆ ಕುಳಿತೆವು.

ಚಿತ್ರ ತೆಗೆಯಬಯಸುವ ಮನೆಮಂದಿಗೆ ನಮ್ಮ ಅನುಭವದ ಕೆಲವು ಮಾತುಗಳು. ಬಿಸಿಲೇರುವ ಮೊದಲು ಚಿಟ್ಟೆಗಳ ಮೈ ತಣ್ಣಗಿರುತ್ತದೆ. ಅವು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುವ ಆ ಹೊತ್ತೇ ಪ್ರಶಸ್ತ. ನಿಮ್ಮ ನೆರಳು ಅವುಗಳ ಮೇಲೆ ಬೀಳಬಾರದು. ನಿಂತು ಬಾಗುವುದಕ್ಕಿಂತ ಕುಳಿತು ನಿಧಾನವಾಗಿ ಸರಿಯುವುದು ಲೇಸು. ಚಿತ್ರದಲ್ಲಿ ಕಣ್ಣು ಸ್ಪಷ್ಟವಾಗಿದ್ದರೆ ಉಳಿದುದೆಲ್ಲ ನಡೆಯುತ್ತದೆ. ಅಲುಗಾಡದಿರಲೆಂದು ಚಿಟ್ಟೆಯನ್ನು ಹಿಡಿದು ತಂಪು ಪೆಟ್ಟಿಗೆಯಲ್ಲಿಡುವವರೂ ಇದ್ದಾರೆ. ಗೂಡು ಚೆನ್ನಾಗಿ ಕಾಣಲೆಂದು ಮರೆಯಾದ ಎಲೆಗಳನ್ನು ಕಿತ್ತು, ಮರಿಗಳನ್ನು ಬಿಸಿಲಿಗೂ ಕಾಗೆಗೂ ಒಡ್ಡುವವರೂ ಇದ್ದಾರೆ. ಅಂಥ ಚಿತ್ರ ಎಷ್ಟು ಅಂದವಾಗಿದ್ದರೂ ಅದು ಕಳವಿನ ಮಾಲು. ಟುವ್ವಿ ಹಕ್ಕಿ ನಮ್ಮ ಹಿತ್ತಲಿನಲ್ಲಿ ಎಲೆಗಳನ್ನು ಹೊಲಿದು ಗೂಡು ಕಟ್ಟಿತು. ಅದರ ಚಿತ್ರ ನಮ್ಮಲ್ಲಿ ಇಲ್ಲ. ನಾವು ಹತ್ತಿರ ಹೋದಾಗಲೆಲ್ಲ ತಾಯಿ ಹಕ್ಕಿ ಕೂಗಾಡುತ್ತಿದ್ದುದರಿಂದ ಹಿಂದಕ್ಕೆ ಬಂದೆವು.

ಗಿಡಗಳ ಮಾತೂ ಇದೆ. ಬಣ್ಣದ ಹೂವಿದ್ದರೆ ಚಿಟ್ಟೆ ಬಂದು ಹೋಗುತ್ತದೆ. ಹುಳುವಿಗೆ ಎಲೆಯಿದ್ದರೆ ಮಾತ್ರ ಅಲ್ಲಿ ಸಂಸಾರ ಹೂಡುತ್ತದೆ. ಕರಿಬೇವಿಗೆ ಕಾಮನ್ ಮಾರ್ಮನ್, ಎಕ್ಕಕ್ಕೆ ಪ್ಲೇನ್ ಟೈಗರ್, ಕಕ್ಕೆಯ ಗಿಡಕ್ಕೆ ಎಮಿಗ್ರೆಂಟ್ ಎಂಬ ಹಳದಿ ಚಿಟ್ಟೆ ಬಂದು ಮೊಟ್ಟೆಯಿಡುತ್ತವೆ. ಎಕ್ಕದ ವಿಷವನ್ನು ಮೈಯಲ್ಲಿ ತುಂಬಿಕೊಂಡ ಪ್ಲೇನ್ ಟೈಗರನ್ನು ಹಕ್ಕಿಗಳು ಮುಟ್ಟಲು ಅಂಜುತ್ತವೆ. ಬಚ್ಚಲ ನೀರು ಹರಿದು ಒದ್ದೆಯಾದ ಮಣ್ಣಿನ ಮೇಲೆ ಗಂಡು ಚಿಟ್ಟೆಗಳು ಕುಳಿತು ಲವಣವನ್ನು ಹೀರುತ್ತವೆ.

ದಯೆಯ ಹೆಸರಿನಲ್ಲಿ ಸುಳ್ಳು ಹೇಳುವುದೂ ಬೇಡ. ಹಿತ್ತಲಿನಲ್ಲಿ ಎಲ್ಲವೂ ಮಧುರವಲ್ಲ. ನಾವು ಹದಿನೈದು ದಿನ ಕಾದ ಒಂದು ಕೋಶದಿಂದ ಚಿಟ್ಟೆಯ ಬದಲು ಸಣ್ಣ ಕಣಜಗಳು ಹೊರಬಂದವು. ಅವುಗಳ ಮರಿಗಳು ಒಳಗಿದ್ದುದನ್ನು ತಿಂದು ಮುಗಿಸಿದ್ದವು. ರೆಕ್ಕೆ ಒಣಗಿಸುತ್ತಿದ್ದ ಚಿಟ್ಟೆಯೊಂದನ್ನು ಓತಿಕ್ಯಾತ ನಮ್ಮ ಕಣ್ಣೆದುರಿನಲ್ಲಿಯೇ ನುಂಗಿತು. ಇಟ್ಟ ಮೊಟ್ಟೆಗಳಲ್ಲಿ ಕೆಲವೇ ಚಿಟ್ಟೆಯಾಗುತ್ತವೆ. ಇವು ಹಸಿವಿನ ವ್ಯವಹಾರಗಳು. ಓತಿಕ್ಯಾತ ಒಂದನ್ನು ತಿಂದು ತೃಪ್ತಿಪಟ್ಟಿತು. ನಾವು ಹಸಿವಿಲ್ಲದೆ ಒಂದೇ ಮುಂಜಾನೆಗೆ ಎಲ್ಲವನ್ನೂ ಅಳಿಸಿದೆವು. ವ್ಯತ್ಯಾಸ ಅಲ್ಲಿದೆ.

ವನ್ಯಜೀವಿಯೆಂದರೆ ಹೊಳೆಯಾಚೆಗೆ ರಾಣೆಬೆನ್ನೂರಿನ ಕೃಷ್ಣಮೃಗಗಳ ಧಾಮಕ್ಕೋ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿಗಳ ಕಾಡಿಗೋ ಹೋಗಬೇಕೆಂದು ನಾವೂ ತಿಳಿದಿದ್ದೆವು. 1974ರಲ್ಲಿ ಮೊದಲನೆಯದನ್ನೂ 2011ರಲ್ಲಿ ಎರಡನೆಯದನ್ನೂ ಸರ್ಕಾರ ವನ್ಯಧಾಮವೆಂದು ಘೋಷಿಸಿದ್ದು ನಮ್ಮ ಸೀಮೆಯ ಭಾಗ್ಯ. ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರು ಕ್ಯಾಮೆರಾ ಹಿಡಿದು ಕಾಡು ಸುತ್ತಿ ಹೆಸರಾದರು. ಆದರೆ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲೇ ಹಕ್ಕಿಗಳನ್ನು ಅರಸಿದರು. ಮೂಡುಬಿದಿರೆಯ ಬಳಿ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿಯವರು ಮನೆತನದ ಜಮೀನಿನಲ್ಲಿ ಚಿಟ್ಟೆಗಳಿಗೆ ಬೇಕಾದ ಗಿಡಗಳನ್ನು ಬೆಳೆಸಿ ಉದ್ಯಾನವನ್ನೇ ಮಾಡಿದ್ದಾರೆ. ನಮಗೆ ಅಷ್ಟು ಭೂಮಿಯಿಲ್ಲ, ವಯಸ್ಸೂ ಇಲ್ಲ. ಮೂರು ಗುಂಟೆಗಿಂತ ಕಿರಿದಾದ ಹಿತ್ತಲಿನಲ್ಲಿ ಎರಡು ವರ್ಷಗಳಲ್ಲಿ 31 ಬಗೆಯ ಚಿಟ್ಟೆಗಳನ್ನು ಗುರುತಿಸಿ, ಚಿತ್ರ ತೆಗೆದ ದಿನ, ಗಿಡ, ಹವೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಮೊದಲ ಪುಟದಲ್ಲಿ ಮೊಮ್ಮಗಳ ಆ ಒಂಬತ್ತು ಚಿತ್ರಗಳನ್ನು ಅಂಟಿಸಿದ್ದೇವೆ. ಬರಿಯ ಕೊಂಬೆಯ ಚಿತ್ರವನ್ನು ಬಿಟ್ಟಿಲ್ಲ.

ಇನ್ನು ಪತ್ರೆಯ ಮಾತು. ಕೀಟ ಕಚ್ಚಿದ ಪತ್ರೆ ಪೂಜೆಗೆ ಸಲ್ಲದೆಂಬುದು ನಾವು ಕಲಿತ ಕ್ರಮ. ನಮ್ಮ ಮನೆಯವರೂ ಅದನ್ನೇ ನೆನಪಿಸಿದರು. ಮೇಲಿನ ರೆಂಬೆಗಳನ್ನು ಪೂಜೆಗೆ, ಕೆಳಗಿನವನ್ನು ಹುಳುಗಳಿಗೆ ಎಂದು ಭಾಗ ಮಾಡಿದೆವು. ಹುಳುಗಳು ನಮ್ಮ ಕರಾರನ್ನು ಒಪ್ಪಲಿಲ್ಲ. ಕಳೆದ ಶ್ರಾವಣದ ಒಂದು ಸೋಮವಾರ, ಹುಡುಕಿ ಹುಡುಕಿ ದಣಿದರೂ ಒಂದೂ ಅಖಂಡ ಪತ್ರೆ ದೊರೆಯಲಿಲ್ಲ. ಪೇಟೆಗೆ ಹೊರಟವರು ಬಾಗಿಲಲ್ಲಿ ನಿಂತೆವು. ತಾನು ರುಚಿ ನೋಡಿದ್ದನ್ನೇ ಶಿವನಿಗೆ ನೀಡಿದ ಬೇಡರ ಕಣ್ಣಪ್ಪನ ನೆನಪಾಯಿತು. ಹಿಂದಿರುಗಿ, ಅಂಚು ಸವೆದ ತ್ರಿದಳವೊಂದನ್ನು ತೊಳೆದು, ಲಿಂಗಕ್ಕೆ ಏರಿಸಿದೆವು.

ಇದು ಸರಿಯೇ ತಪ್ಪೇ ಎಂಬುದನ್ನು ಆಚಾರ ಬಲ್ಲ ಹಿರಿಯರು ಹೇಳಲಿ, ತಲೆಬಾಗಿ ಕೇಳುತ್ತೇವೆ. ನಮಗೆ ಗೊತ್ತಿರುವುದು ಇಷ್ಟೇ. ಅಂದು ಪೂಜೆ ಮುಗಿಸಿ ಹಿತ್ತಲಿಗೆ ಬಂದಾಗ, ಕೆಳಗಿನ ರೆಂಬೆಯಲ್ಲಿ ಚಿಟ್ಟೆಯೊಂದು ಆಗತಾನೆ ಕೋಶದಿಂದ ಹೊರಬಂದು ಒದ್ದೆ ರೆಕ್ಕೆಗಳನ್ನು ಇಳಿಬಿಟ್ಟುಕೊಂಡು ತೂಗುತ್ತಿತ್ತು. ಫೋನು ತರಲು ಒಳಗೆ ಹೋಗಲಿಲ್ಲ. ಅದು ಹಾರುವವರೆಗೆ, ಓತಿಕ್ಯಾತ ಅತ್ತ ಸುಳಿಯದಂತೆ, ಅಲ್ಲಿಯೇ ನಿಂತಿದ್ದೆವು.