ಗಿಡ ಹಸಿರಾಗೇ ಇದೆಯಲ್ಲ!

ಮೊನ್ನೆ ಭಾನುವಾರ ಅಪ್ಪ ಫೋನ್ ಮಾಡಿದ್ರು. ಮಳೆ, ಕಾಫಿ ರೇಟು, ಆನೆ ಕಾಟ ಎಲ್ಲಾ ಮುಗಿದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದ್ರು. "ಈ ವರ್ಷವೂ ತೋಟಕ್ಕೆ ಸುಣ್ಣ ಹಾಕೋದು ಬೇಡ ಅಂತ ಮಾಡಿದೀನಿ ಕಣೋ. ಆಳು ಸಿಗಲ್ಲ. ಎರಡು ವರ್ಷದಿಂದ ಹಾಕಿಲ್ಲ, ಏನಾಯ್ತು? ಗಿಡ ಹಸಿರಾಗೇ ಇದೆಯಲ್ಲ."

"ಸರಿ ಅಪ್ಪ" ಅಂದುಬಿಟ್ಟೆ. ಆದ್ರೆ ಫೋನ್ ಇಟ್ಟ ಮೇಲೆ ಯಾಕೋ ಸಮಾಧಾನ ಆಗ್ಲಿಲ್ಲ. ನಾನು ಎಂಟನೇ ಕ್ಲಾಸಲ್ಲಿ ಮಾಡಿದ್ದ ವಿಜ್ಞಾನ ಪ್ರದರ್ಶನ ನೆನಪಾಯ್ತು.

ನನ್ನ ವಿಷಯ ಆಮ್ಲ ಮಳೆ. ಎರಡು ಕರಟದಲ್ಲಿ ಹೆಸರುಕಾಳಿನ ಸಸಿ. ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ನಿಂಬೆರಸ. ನಾಲ್ಕೇ ದಿನಕ್ಕೆ ನಿಂಬೆರಸ ಕುಡಿದ ಸಸಿಗಳು ಮಲಗಿಬಿಟ್ವು, ನನಗೆ ಎರಡನೇ ಬಹುಮಾನ ಬಂತು :-) ಆಮ್ಲ ಮಳೆ ಅಂದ್ರೆ ಎಲೆ ಸುಟ್ಟು ಗಿಡ ಸಾಯೋದು ಅಂತ ಅವತ್ತಿಂದ ತಲೇಲಿ ಕೂತುಬಿಡ್ತು.

ಅದು ಅಷ್ಟು ಸರಳ ಅಲ್ಲ ಅಂತ ಗೊತ್ತಾಗಿದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬರ್ಡ್ ಬ್ರೂಕ್ ಕಾಡಿನ ಬಗ್ಗೆ ಓದಿದಾಗ. ಜೀನ್ ಲೈಕನ್ಸ್ ಮತ್ತು ಅವರ ಜೊತೆಗಾರರು 1963ರಲ್ಲಿ ಅಲ್ಲಿ ಮಳೆ ಮತ್ತು ಹಳ್ಳದ ನೀರನ್ನು ಪರೀಕ್ಷೆ ಮಾಡೋಕೆ ಶುರು ಮಾಡಿದ್ರು. ಶುದ್ಧ ಮಳೆಯ ಪಿಹೆಚ್ ಸುಮಾರು 5.6. ಅಲ್ಲಿ ಬೀಳ್ತಿದ್ದ ಮಳೆಯದ್ದು 4ರ ಆಸುಪಾಸು. ಕಲ್ಲಿದ್ದಲು ಸುಟ್ಟ ಹೊಗೆಯ ಗಂಧಕ ಅದಕ್ಕೆ ದೊಡ್ಡ ಕಾರಣ. ನಿಂಬೆರಸದ ಪಿಹೆಚ್ ಸುಮಾರು 2, ಅಂದ್ರೆ ನನ್ನ ಸಸಿಗಳಿಗೆ ನಾನು ಹಾಕಿದ್ದು ಆ ಮಳೆಗಿಂತ ನೂರು ಪಟ್ಟು ಹುಳಿ!

ಅಷ್ಟು ಹುಳಿ ಇಲ್ಲದ ಮಳೆಗೆ ಮರ ನಾಲ್ಕು ದಿನದಲ್ಲಿ ಸಾಯಲ್ಲ. ಆಮ್ಲ ಮಣ್ಣಿಗೆ ಇಳಿದು, ಅಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿ ಹಳ್ಳಕ್ಕೆ ತೊಳೆದುಕೊಂಡು ಹೋಗುತ್ತೆ. ಮಣ್ಣಲ್ಲಿ ಸುಮ್ಮನೆ ಕೂತಿದ್ದ ಅಲ್ಯೂಮಿನಿಯಂ ಕರಗಿ ಬೇರಿಗೆ ವಿಷ ಆಗುತ್ತೆ. ಇದೆಲ್ಲ ಹತ್ತಾರು ವರ್ಷದ ಕೆಲಸ. ಅಷ್ಟೂ ದಿನ ಕಾಡು ನೋಡೋಕೆ ಹಸಿರಾಗೇ ಇರುತ್ತೆ. 1990ರಲ್ಲಿ ಅಲ್ಲಿನ ಸರ್ಕಾರ ಕಾನೂನು ಬಿಗಿ ಮಾಡಿ ಹೊಗೆ ಕಡಿಮೆ ಮಾಡಿಸ್ತು, ಮಳೆಯ ಹುಳಿಯೂ ಇಳೀತು. ಆದ್ರೆ ಮಣ್ಣು ಕಳಕೊಂಡಿದ್ದು ತಾನಾಗೇ ವಾಪಸ್ ಬರಲಿಲ್ಲ.

ಆಮೇಲೆ ಏನು ಮಾಡಿದ್ರು ಗೊತ್ತಾ? 1999ರಲ್ಲಿ ಹೆಲಿಕಾಪ್ಟರ್ ತಂದು, ಸುಮಾರು 12 ಹೆಕ್ಟೇರ್ ಕಾಡಿನ ಮೇಲೆ 40 ಟನ್‌ಗೂ ಹೆಚ್ಚು ಕ್ಯಾಲ್ಸಿಯಂ ಖನಿಜದ ಗುಳಿಗೆ ಉದುರಿಸಿದ್ರು. ಅಲ್ಲಿನ ಶುಗರ್ ಮೇಪಲ್ ಮರಗಳು ಚೇತರಿಸಿಕೊಂಡ್ವು, ಹೊಸ ಸಸಿಗಳು ಚೆನ್ನಾಗಿ ಬಂದ್ವು. 2003ರ ಚಳಿಗಾಲದಲ್ಲಿ ಸುತ್ತಲಿನ ಕೆಂಪು ಸ್ಪ್ರೂಸ್ ಮರಗಳ ಸೂಜಿ ಎಲೆಗಳು ಚಳಿಗೆ ಕಂದಿಹೋದಾಗ, ಗುಳಿಗೆ ಬಿದ್ದ ಜಾಗದಲ್ಲಿ ಹಾನಿ ಬಹಳ ಕಡಿಮೆ ಇತ್ತು. ಕೋಶಗಳಿಗೆ ಚಳಿ ತಡೆಯೋಕೆ ಬೇಕಾದ ಕ್ಯಾಲ್ಸಿಯಂ ಅಲ್ಲಿನ ಮರಗಳಿಗೆ ಸಿಕ್ಕಿತ್ತು.

ಇದನ್ನು ಓದುವಾಗ ನಗು ಬಂದಿತ್ತು. ಅಪ್ಪ ಬಕೆಟ್ ಹಿಡಿದು ಕಾಫಿ ಗಿಡದ ಸುತ್ತ ಸುಣ್ಣ ಎರಚುತ್ತಿದ್ದದ್ದೂ ಇದೇ ಕೆಲಸ ಅಲ್ವಾ? ನಮ್ಮ ಮಲೆನಾಡಿನ ಮಣ್ಣು ಹುಳಿಯಾಗೋಕೆ ಕಾರಣ ಕಾರ್ಖಾನೆ ಹೊಗೆ ಅಲ್ಲ. ಜಡಿಮಳೆ ಮಣ್ಣಿನ ಸಾರ ತೊಳೆಯುತ್ತೆ, ಅದರ ಮೇಲೆ ನಾವು ಹಾಕೋ ಯೂರಿಯಾ. ಕಾರಣ ಬೇರೆ, ಆದ್ರೆ ಮಣ್ಣಿಗೆ ಆಗೋ ನಷ್ಟ ಅದೇ.

ರಾತ್ರಿ ಮತ್ತೆ ಫೋನ್ ಮಾಡಿದೆ. ಹಬರ್ಡ್ ಬ್ರೂಕ್ ಕಥೆ ಪೂರ್ತಿ ಹೇಳಿ, "ಮೊದಲು ಮಣ್ಣು ಪರೀಕ್ಷೆ ಮಾಡಿಸೋಣ ಅಪ್ಪ, ಎಷ್ಟು ಬೇಕೋ ಅಷ್ಟೇ ಹಾಕೋಣ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಪರೀಕ್ಷೆ ಏನೋ ಮಾಡಿಸಬಹುದು. ಮೂಟೆ ಹೊರೋರು ಯಾರು? ನನಗೆ ಈಗ ಆಗಲ್ಲ ಮಗಾ" ಅಂದ್ರು.

ಆಳು ಸಿಗಲ್ಲ ಅನ್ನೋದು ನೆಪ ಅಂತ ಆಗ ಗೊತ್ತಾಯ್ತು. ಎರಡು ವರ್ಷದಿಂದ ಅಪ್ಪನ ಕೈಲಿ ಆಗ್ತಿರಲಿಲ್ಲ. ಊರಿಗೆ ಹೋದಾಗೆಲ್ಲ ನಾನೂ ನೋಡಿದ್ದು ತೋಟ ಹಸಿರಾಗಿದೆ ಅಂತ ಮಾತ್ರ.

ನಮ್ಮ ಹತ್ರ ಹೆಲಿಕಾಪ್ಟರ್ ಇಲ್ಲ. ಒಂದು ವಾರ ರಜಾ ಹಾಕಿದೀನಿ.