ಕೊನೆಯ ಪಲ್ಲವಿಯ ಎರಡು ಮೆಟ್ಟಿಲು

ನಮ್ಮ ಚರ್ಚಿನ ಗಾಯನ ಮಂಡಳಿಯಲ್ಲಿ ಕೀಬೋರ್ಡಿನ ಮುಂದೆ ಕುಳಿತು ನನಗೆ ಇಪ್ಪತ್ತು ವರ್ಷಗಳ ಮೇಲಾಯಿತು. ಕಾಸರಗೋಡಿನ ಈ ಮೂಲೆಯಲ್ಲಿ ಒಂದೇ ಬಲಿಪೂಜೆಯಲ್ಲಿ ಕನ್ನಡದ ಹಾಡು, ಕೊಂಕಣಿಯ ಹಾಡು ಎರಡೂ ಇರುತ್ತವೆ. ಹಬ್ಬದ ದಿನ ಮಲಯಾಳದ್ದೂ ಒಂದು ಸೇರಿಕೊಳ್ಳುತ್ತದೆ. ಭಾಷೆ ಯಾವುದಾದರೂ ನನ್ನ ಕೆಲಸ ಒಂದೇ, ಜನರಿಗೆ ಶ್ರುತಿ ಕೊಡುವುದು. ಆ ಶ್ರುತಿಯ ವಿಷಯದಲ್ಲೇ ನಾನೊಮ್ಮೆ ಎಡವಿದೆ. ಅದನ್ನು ಇಲ್ಲಿ ಹೇಳಿಕೊಳ್ಳುತ್ತೇನೆ. ಓದುಗರು ನಕ್ಕರೂ ಬೇಸರವಿಲ್ಲ.

1998ರಲ್ಲಿ, ಕಾಲೇಜಿನ ದಿನಗಳಲ್ಲಿ, ಗೆಳೆಯನೊಬ್ಬ ಟೈಟಾನಿಕ್ ಚಿತ್ರದ ಕ್ಯಾಸೆಟ್ ತಂದುಕೊಟ್ಟಿದ್ದ. ಸೆಲಿನ್ ಡಿಯಾನ್ ಹಾಡಿದ ಆ ಹಾಡು ಯಾರಿಗೆ ತಾನೇ ಗೊತ್ತಿಲ್ಲ? ಅದರ ಕೊನೆಯ ಸುತ್ತಿಗೆ ಬಂದಾಗ ಏನೋ ಆಗುತ್ತಿತ್ತು. ರಾಗ ಅದೇ, ತಾಳ ಅದೇ, ಆದರೂ ಯಾರೋ ಹಾಡನ್ನು ಬುಡಸಮೇತ ಎತ್ತಿ ಅಟ್ಟದ ಮೇಲೆ ಇಟ್ಟ ಹಾಗೆ. ಟೇಪನ್ನು ಹಿಂದೆ ಮುಂದೆ ಓಡಿಸಿ, ಗೆಳೆಯನ ಮನೆಯ ಪುಟ್ಟ ಕೀಬೋರ್ಡಿನಲ್ಲಿ ಹುಡುಕಿದೆ. ಇ ಮೇಜರಿನಲ್ಲಿದ್ದ ಹಾಡು ಎ ಫ್ಲ್ಯಾಟ್ ಮೇಜರಿಗೆ ಹಾರಿತ್ತು, ಕಪ್ಪು ಬಿಳಿ ಸೇರಿ ನಾಲ್ಕು ಮನೆ ಮೇಲಕ್ಕೆ. ಆ ದಿನದಿಂದ ನನಗೆ ಈ ಹುಚ್ಚು ಹಿಡಿಯಿತು.

ನಮ್ಮ ಹಾಡುಗಳಲ್ಲಿ ಪಲ್ಲವಿ ಮೊದಲು, ಆಮೇಲೆ ಚರಣ. ಇಂಗ್ಲಿಷಿನ ಪಾಪ್ ಹಾಡು ಹೆಚ್ಚಾಗಿ ಚರಣದಿಂದಲೇ ಶುರುವಾಗಿ ಪಲ್ಲವಿಗೆ ಬರುತ್ತದೆ. ಹೀಗೆ ಎರಡು ಸುತ್ತು ಮುಗಿದ ಮೇಲೆ ಬೇರೆಯೇ ಧಾಟಿಯ ಒಂದು ಚಿಕ್ಕ ಭಾಗ. ಅದಕ್ಕೆ ಅವರು ಬ್ರಿಡ್ಜ್, ಅಂದರೆ ಸೇತುವೆ, ಎನ್ನುತ್ತಾರೆ. ಸೇತುವೆ ದಾಟಿದರೆ ಮತ್ತೆ ಅದೇ ಪಲ್ಲವಿ, ಮೂರನೇ ಸಲ. ಅಷ್ಟರಲ್ಲಿ ಕೇಳುವವನಿಗೆ ಅದು ಬಾಯಿಪಾಠ. ಹೊಸ ಮಾತಿಲ್ಲ, ಹೊಸ ರಾಗವಿಲ್ಲ. ಆಗ ಹಾಡು ಕಟ್ಟುವವರು ತೆಗೆಯುವ ಕೊನೆಯ ಅಸ್ತ್ರವೇ ಶ್ರುತಿ ಏರಿಸುವುದು. 1992ರಲ್ಲಿ ವಿಟ್ನಿ ಹೂಸ್ಟನ್ ಹಾಡಿದ ‘ಐ ವಿಲ್ ಆಲ್ವೇಸ್ ಲವ್ ಯೂ’ ಕೇಳಿದವರಿಗೆ ನೆನಪಿರಬಹುದು. ಎಲ್ಲ ವಾದ್ಯಗಳೂ ನಿಲ್ಲುತ್ತವೆ, ಒಂದು ಕ್ಷಣ ಮೌನ, ಡ್ರಮ್ಮಿನ ಒಂದೇ ಒಂದು ಪೆಟ್ಟು, ಎ ಮೇಜರಿನ ಹಾಡು ಬಿ ಮೇಜರಿಗೆ ಏರುತ್ತದೆ. ಅಮೆರಿಕದಲ್ಲಿ ಅದು 14 ವಾರ ಒಂದನೇ ಸ್ಥಾನದಲ್ಲಿತ್ತು. 2011ರ ‘ಲವ್ ಆನ್ ಟಾಪ್’ನಲ್ಲಿ ಬಿಯಾನ್ಸೆ ಸಾಲಾಗಿ ನಾಲ್ಕು ಸಲ ಏರುತ್ತಾರೆ, ಪ್ರತಿ ಸಲವೂ ಅರ್ಧ ಸ್ವರ. ಅಷ್ಟು ಬೇಕಿತ್ತೇ ಎಂದು ನನಗೆ ಅನಿಸುವುದುಂಟು, ಆದರೆ ಆ ಕಂಠಕ್ಕೆ ಅದು ಸಲ್ಲುತ್ತದೆ.

ಈ ಏರಿಕೆಯ ಗುಟ್ಟು ಒಂದು ಕಾರ್ಡಿನಲ್ಲಿದೆ. ಸಿ ಯಿಂದ ಡಿ ಗೆ ಹೋಗಬೇಕು ಅನ್ನಿ. ನಡುವೆ ಎ ಸೆವೆನ್ತ್ ಎಂಬ ಕಾರ್ಡನ್ನು ಹಿಡಿಯುತ್ತಾರೆ. ಅದರಲ್ಲಿ ಸಿ ಶಾರ್ಪ್ ಇದೆ. ಅಂದರೆ ಇಷ್ಟು ಹೊತ್ತು ನಮ್ಮ ‘ಸ’ ಆಗಿ, ಮನೆಯ ಹಾಗೆ ಭದ್ರವಾಗಿದ್ದ ಸ್ವರವನ್ನೇ ಅರ್ಧ ಮೆಟ್ಟಿಲು ಮೇಲಕ್ಕೆ ತಳ್ಳಿದ ಹಾಗಾಯಿತು. ಆ ಸಿ ಶಾರ್ಪಿಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ, ಪಕ್ಕದ ಡಿ ಗೆ ಹೋಗಿ ಕೂರಲೇಬೇಕೆಂದು ಹಾತೊರೆಯುತ್ತದೆ. ನಮ್ಮ ಸಂಗೀತದಲ್ಲಾದರೋ ತಂಬೂರಿ ಕಚೇರಿ ಮುಗಿಯುವ ತನಕ ಅದೇ ‘ಸ’ವನ್ನು ಮೀಟುತ್ತಿರುತ್ತದೆ. ಬಯಲಾಟದಲ್ಲಿ ಭಾಗವತರು ಬದಲಾದರೆ ಶ್ರುತಿ ಬದಲಾಗುವುದನ್ನು, ಮದ್ದಳೆಯೂ ಅದಕ್ಕೆ ಹೊಂದಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಒಂದೇ ಪದ್ಯದ ನಡುವೆ ಯಾರೂ ‘ಸ’ವನ್ನು ಕಿತ್ತು ಬೇರೆಡೆ ನೆಡುವುದಿಲ್ಲ.

ನಾನು ನೆಟ್ಟೆ. 2005ರ ಕ್ರಿಸ್‌ಮಸ್ ರಾತ್ರಿಯ ಬಲಿಪೂಜೆಯ ಕೊನೆಯ ಹಾಡು. ನಮ್ಮವರಿಗೆಲ್ಲ ಗೊತ್ತಿದ್ದ ಹಳೆಯ ಹಾಡೇ, ಸಿ ಮೇಜರಿನಲ್ಲಿ. ಎರಡು ಚರಣ ಮುಗಿದ ಮೇಲೆ ಎ ಸೆವೆನ್ತ್ ಹಿಡಿದು, ಟ್ರಾನ್ಸ್‌ಪೋಸ್ ಗುಂಡಿಯನ್ನು ಎರಡು ಸಲ ಒತ್ತಿ, ಕೊನೆಯ ಪಲ್ಲವಿಯನ್ನು ಡಿ ಗೆ ಏರಿಸುವುದು ನನ್ನ ಯೋಜನೆ. ಮೂರು ವಾರ ಅಭ್ಯಾಸ ಮಾಡಿದೆವು. ಒಂದು ಸಂಜೆ ಅವಸರದಲ್ಲಿ ಗುಂಡಿಯನ್ನು ನಾಲ್ಕು ಸಲ ಒತ್ತಿಬಿಟ್ಟೆ, ಟೈಟಾನಿಕ್ಕಿನಷ್ಟೇ ನೆಗೆತ! ಹುಡುಗಿಯರು ಕಿರುಚಿ ನಕ್ಕರು. ಮಂಡಳಿಯಲ್ಲಿ ಇದ್ದವರೆಲ್ಲ ಇಪ್ಪತ್ತರ ಆಸುಪಾಸಿನವರು, ಒಳ್ಳೆಯ ಗಂಟಲು. ಡಿ ಯಲ್ಲಿ ಹಾಡು ಝಗ್ಗನೆ ಹೊತ್ತಿಕೊಳ್ಳುತ್ತಿತ್ತು.

ಆ ರಾತ್ರಿ ಚರ್ಚು ತುಂಬಿತ್ತು, ಹೊರಗೆ ಚಪ್ಪರದಲ್ಲೂ ಜನ. ಮೊದಲ ಪಲ್ಲವಿಗೆ ಎಲ್ಲರೂ ಹಾಡಿದರು, ಎರಡನೆಯದಕ್ಕೆ ಇನ್ನೂ ಜೋರಾಗಿ. ನಾನು ಗುಂಡಿ ಒತ್ತಿದೆ. ಮಂಡಳಿ ಏರಿತು. ಕೆಳಗೆ ಜನರ ದನಿ ಒಂದು ಸಾಲು ತಡವರಿಸಿ ನಿಂತೇಹೋಯಿತು. ಕೆಲವರು ಹಳೆಯ ಶ್ರುತಿಯಲ್ಲೇ ಮುಂದುವರಿದು, ಹೊಂದದೆ, ಬಾಯಿ ಮುಚ್ಚಿದರು. ಮುಂದಿನ ಎಡಬದಿಯ ಬೆಂಚುಗಳಲ್ಲಿ ಕೂರುವ ಹೆಂಗಸರು, ಪುಸ್ತಕ ನೋಡದೆ ಎಲ್ಲ ಚರಣಗಳನ್ನೂ ಹಾಡುವವರು, ತಿರುಗಿ ನಮ್ಮತ್ತ ನೋಡಿದರು. ಅವರಲ್ಲಿ ನನ್ನ ಅಮ್ಮನೂ ಇದ್ದರು. ಹೊರಗೆ ಕೇಕು ಹಂಚುವಾಗ ತುಂಬ ಮಂದಿ ಕೈಕುಲುಕಿ ಹೊಗಳಿದರು. ಅಮ್ಮ ಮಾತ್ರ ಮನೆಯ ದಾರಿಯಲ್ಲಿ ಟಾರ್ಚು ಬಿಡುತ್ತಾ ಹೇಳಿದ್ದು ಇಷ್ಟೇ: “ಕೊನೆಗೆ ನಮ್ಮನ್ನು ಮೆಟ್ಟಿಲ ಕೆಳಗೆ ಬಿಟ್ಟು ನೀವೇ ಹತ್ತಿ ಹೋದಿರಿ.”

ನನಗೆ ಸಿಟ್ಟು ಬಂತು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಲೆಕ್ಕ ಹಾಕಿದೆ. ಸಿ ಯಲ್ಲಿ ಆ ಹಾಡಿನ ಅತಿ ಎತ್ತರದ ಸ್ವರ ಮೇಲಿನ ಡಿ. ಅಭ್ಯಾಸವಿಲ್ಲದ ಸಾಮಾನ್ಯ ಕಂಠಕ್ಕೆ ಅದೇ ಹೆಚ್ಚುಕಡಿಮೆ ಗಡಿ. ನಾನು ಅದನ್ನು ಇ ಗೆ ಒಯ್ದಿದ್ದೆ. ವಿಟ್ನಿ ಹೂಸ್ಟನ್ ಏರಿದಾಗ ಅವರ ಜೊತೆ ಹಾಡಬೇಕಾದವರು ಯಾರೂ ಇರಲಿಲ್ಲ, ನಾವು ಕುಳಿತು ಕೇಳಿದರೆ ಸಾಕಿತ್ತು. ಚರ್ಚಿನಲ್ಲಿ ಹಾಗಲ್ಲವಲ್ಲ. ಅದೂ ನಮ್ಮ ಹಾಡುಗಳಲ್ಲಿ ಚರಣ ಮಂಡಳಿಯದ್ದು, ಪಲ್ಲವಿ ಜನರದ್ದು. ನಾನು ಏರಿಸಿದ್ದು ಸರಿಯಾಗಿ ಅವರ ಪಾಲಿನ ಸಾಲುಗಳನ್ನೇ.

ಬಹಳ ವರ್ಷಗಳ ಮೇಲೆ ತಿಳಿದದ್ದು, ವಿಟ್ನಿಯವರ ಆ ಹಾಡು ಡಾಲಿ ಪಾರ್ಟನ್ ಬರೆದು 1974ರಲ್ಲಿ ಹೊರತಂದ ಹಾಡು ಎಂದು. ತರಿಸಿ ಕೇಳಿದೆ. ಡ್ರಮ್ಮಿನ ಆ ಪೆಟ್ಟಿಲ್ಲ. ಮೂರನೇ ಚರಣವನ್ನು ಡಾಲಿ ಹಾಡುವುದೇ ಇಲ್ಲ, ಎದುರು ಕುಳಿತವರಿಗೆ ಹೇಳುವಂತೆ ಮೆಲ್ಲಗೆ ಮಾತಿನಲ್ಲಿ ಹೇಳುತ್ತಾರೆ. ಆಮೇಲೆ ಬರುವ ಪಲ್ಲವಿ ಏರದಿದ್ದರೂ ಹೊಸದಾಗಿ ಕೇಳುತ್ತದೆ. ಅದನ್ನು ನಾನು ಕದ್ದೆ. ಈಗ ಕೊನೆಯ ಪಲ್ಲವಿಗೆ ಕೀಬೋರ್ಡ್, ಗಿಟಾರ್ ಎಲ್ಲ ನಿಲ್ಲಿಸಿ ಬರೀ ಜನರ ದನಿಯನ್ನು ಬಿಡುತ್ತೇವೆ. ಏರಿಸಲೇಬೇಕೆಂದು ಮಂಡಳಿಯವರು ಹಠ ಹಿಡಿದರೆ ಬಿ ಫ್ಲ್ಯಾಟಿನಲ್ಲಿ ಶುರುಮಾಡಿ ಸಿ ಗೆ ತಲುಪುತ್ತೇವೆ. ಏರಿದ ಸಂತೋಷವೂ ಸಿಕ್ಕಿತು, ಹಳೆಯ ಜಾಗವೂ ತಪ್ಪಲಿಲ್ಲ.

ಈಗಿನ ಪಾಪ್ ಹಾಡುಗಳಲ್ಲಿ ಈ ಏರಿಕೆ ತೀರಾ ಅಪರೂಪ. ಕ್ರಿಸ್ ಡಲ್ಲಾ ರೀವಾ ಎಂಬವರು 2022ರಲ್ಲಿ ಅಮೆರಿಕದ ಒಂದನೇ ಸ್ಥಾನದ ಹಾಡುಗಳನ್ನೆಲ್ಲ ಕೇಳಿ ಲೆಕ್ಕ ಕೊಟ್ಟಿದ್ದರು: 1958ರಿಂದ 1990ರವರೆಗಿನ ಹಾಡುಗಳಲ್ಲಿ ಸುಮಾರು ನಾಲ್ಕನೇ ಒಂದು ಪಾಲಿನಲ್ಲಿ ಶ್ರುತಿ ಬದಲಾಗುತ್ತಿತ್ತು, 2010ರ ದಶಕದಲ್ಲಿ ಒಂದೇ ಒಂದರಲ್ಲಿ. ಕಂಪ್ಯೂಟರಿನಲ್ಲಿ ತುಂಡು ತುಂಡಾಗಿ ಹಾಡು ಜೋಡಿಸುವ ರೂಢಿಯೂ, ರಾಗಕ್ಕಿಂತ ತಾಳ ಮತ್ತು ಮಾತಿಗೇ ತೂಕ ಕೊಡುವ ಹಿಪ್ ಹಾಪ್ ಕೂಡ ಇದಕ್ಕೆ ಕಾರಣವಂತೆ. ನಮ್ಮ ಮಂಡಳಿಯ ಮಕ್ಕಳಿಗೆ ಇದನ್ನು ಹೇಳಿದರೆ, “ಹಾಗಾದರೆ ನೀವು ಹಳೇ ಫ್ಯಾಷನ್” ಎಂದು ನಗುತ್ತಾರೆ.

ಅಮ್ಮನಿಗೆ ಈಗ ಎಂಬತ್ತರ ಹೊಸ್ತಿಲು. ದನಿ ವರ್ಷದಿಂದ ವರ್ಷಕ್ಕೆ ತಗ್ಗುತ್ತಿದೆ, ಬೆಳಗಿನ ಪೂಜೆಗಂತೂ ಇನ್ನಷ್ಟು. ಅದೇ ಹಳೆಯ ಹಾಡನ್ನು ಈಗ ಎ ಯಲ್ಲಿ ನುಡಿಸುತ್ತೇನೆ. ಬೆರಳು ಸಿ ಯಲ್ಲೇ, ಟ್ರಾನ್ಸ್‌ಪೋಸ್ ಕಿಟಕಿಯಲ್ಲಿ ಮಾತ್ರ -3. ಕೆಳಗಿನ ಸ್ವರಗಳು ಸಿಕ್ಕುವುದಿಲ್ಲವೆಂದು ಹುಡುಗಿಯರು ಗೊಣಗುತ್ತಾರೆ. ಅವರ ಮಾತೂ ಸುಳ್ಳಲ್ಲ. ಕಳೆದ ಭಾನುವಾರ ಪಲ್ಲವಿಯ ಮೇಲಿನ ಸ್ವರದಲ್ಲಿ ಎಡಬದಿಯ ಬೆಂಚಿನಿಂದ ಒಂದು ದನಿ ಕಡಿದುಹೋದದ್ದು ಕೇಳಿಸಿತು. ಈ ಕ್ರಿಸ್‌ಮಸ್ಸಿಗೆ -4 ಮಾಡಬೇಕಾದೀತು.