ಬಲಿಯೇಂದ್ರನಿಗೆ ಎಂತ ಬಣ್ಣ?

ಬಂಟ್ವಾಳ, ಡಿಸೆಂಬರ್

ಮೊಡಂಕಾಪು ಕಡೆಯ ಒಂದು ಮನೆಯ ಜಗಲಿಯಲ್ಲಿ ಕ್ರಿಸ್‌ಮಸ್‌ನ ಗೋದಲಿ ಕಟ್ಟಿದ್ದಾರೆ. ಬೈಹುಲ್ಲಿನ ಮಾಡು, ಮಣ್ಣಿನ ದನಕರು, ತಟ್ಟೆಯಲ್ಲಿ ಮೊಳಕೆ ಬರಿಸಿದ ಭತ್ತದ ಹಸುರು. ಆ ಹಸುರಿನ ಮೇಲೆ ಹತ್ತಿ ಎಳೆದು ಹಿಮ ಮಾಡಿದ್ದಾರೆ. ಫ್ಯಾನ್ ಹಾಕಿದರೆ ಹಿಮ ಹಾರಿಹೋಗುತ್ತದೆ, ಹಾಗಾಗಿ ಸೆಕೆಯಲ್ಲೂ ಫ್ಯಾನ್ ಬಂದ್. ಪಕ್ಕದಲ್ಲಿ ಕುಸ್ವಾರ್ ತಿಂಡಿಯ ತಟ್ಟೆ, ಅದರ ಸುತ್ತ ಮೂವರು ಮಕ್ಕಳು, ಮೂವರಿಗೂ ಸೇರಿ ಒಂದು ಫೋನು. ಫೋನಿನಲ್ಲಿ ‘ದಿ ಸ್ನೋಮ್ಯಾನ್’ ಓಡುತ್ತಿದೆ.

ಮಕ್ಕಳ ಬೆನ್ನ ಹಿಂದೆ ನಿಂತು ನಾನೂ ಪೂರ್ತಿ ನೋಡಿದೆ. 1982ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನ ಚಾನೆಲ್ 4 ಮೊದಲು ತೋರಿಸಿದ ಚಿತ್ರ ಇದು. ರೇಮಂಡ್ ಬ್ರಿಗ್ಸ್ 1978ರಲ್ಲಿ ಮಾಡಿದ, ಮಾತೇ ಇಲ್ಲದ ಚಿತ್ರಪುಸ್ತಕ ಇದರ ಮೂಲ. ನಿರ್ದೇಶಿಸಿದವರು ಡಯಾನ್ ಜಾಕ್ಸನ್. ಅವಧಿ ಸುಮಾರು 26 ನಿಮಿಷ. ಬಣ್ಣದ ಪೆನ್ಸಿಲಿನಿಂದ ಉಜ್ಜಿದ ಹಾಗೆ ಕಾಣುವ ಚಿತ್ರಗಳು. ಹುಡುಗ ಕಟ್ಟಿದ ಹಿಮದ ಗೊಂಬೆಗೆ ರಾತ್ರಿ ಜೀವ ಬರುತ್ತದೆ, ಇಬ್ಬರೂ ಆಕಾಶದಲ್ಲಿ ಹಾರಿ ತಿರುಗಿ ಬರುತ್ತಾರೆ, ಬೆಳಗಾಗುವಾಗ ಗೊಂಬೆ ಕರಗಿ ಟೋಪಿ, ಶಾಲು ಉಳಿದಿರುತ್ತವೆ. ಮೂವರಲ್ಲಿ ಚಿಕ್ಕವಳು ಅತ್ತಳು. ಹಿಮವನ್ನು ಎಂದೂ ಮುಟ್ಟಿರದ ಮಗು ಹಿಮ ಕರಗಿದ್ದಕ್ಕೆ ಅತ್ತಿತು.

ಅಷ್ಟು ದೂರದ ಚಿತ್ರ ಇಷ್ಟು ಹತ್ತಿರ ಬಂದದ್ದು ಒಳ್ಳೆಯದೇ. ನನಗೆ ಅರ್ಥವಾಗದ್ದು ಇನ್ನೊಂದು. ಒಂದೂವರೆ ತಿಂಗಳ ಹಿಂದೆಯಷ್ಟೇ ದೀಪಾವಳಿ ಕಳೆದಿದೆ. ಆಗ ಇದೇ ಕೇರಿಯ ಮಕ್ಕಳು ಅಜ್ಜಿಯ ಪಕ್ಕ ಕೂತು ನೋಡಬಹುದಾದ, ಈ ಮಣ್ಣಿನ, ಅರ್ಧ ಗಂಟೆಯ ಒಂದು ಚಿತ್ರ ಯಾಕೆ ಇರಲಿಲ್ಲ?

*

ಹಬ್ಬದ ಚಿತ್ರ ಎಂದರೆ ಏನು ಎಂದು ಬರೆದುಕೊಂಡಿದ್ದೇನೆ. ಅರ್ಧ ಗಂಟೆಯೊಳಗೆ ಮುಗಿಯಬೇಕು. ಪ್ರತಿ ವರ್ಷ ಅದೇ ದಿನಗಳಲ್ಲಿ ಬರಬೇಕು. ಮೂರು ವರ್ಷದ ಮಗುವಿಗೂ ಎಪ್ಪತ್ತರ ಅಜ್ಜನಿಗೂ ಸಾಕಾಗುವಷ್ಟು ಅದರಲ್ಲಿರಬೇಕು. ಕತೆ ಎಲ್ಲರಿಗೂ ಗೊತ್ತಿದ್ದರೂ ಮತ್ತೆ ನೋಡಬೇಕೆನಿಸಬೇಕು. ಯಕ್ಷಗಾನ ಆಟಕ್ಕೆ ಹೋಗುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ದೇವಿ ಮಹಾತ್ಮೆ’ಯಲ್ಲಿ ಮಹಿಷಾಸುರ ಬರುತ್ತಾನೆ ಎಂದು ಗೊತ್ತಿದ್ದೇ ಇಡೀ ಊರು ನಿದ್ದೆಗೆಟ್ಟು ಕಾಯುತ್ತದೆ.

ಅಮೆರಿಕದಲ್ಲಿ ಟಿವಿಯ ಹಬ್ಬದ ಚಿತ್ರದ ರೂಢಿ ನೆಲೆಗೊಂಡದ್ದು 1960ರ ದಶಕದಲ್ಲಿ. 1964ರ ಡಿಸೆಂಬರಿನಲ್ಲಿ ‘ರುಡಾಲ್ಫ್’ ಬಂತು. ಅದರ ಗೊಂಬೆಗಳನ್ನು ಇಷ್ಟಿಷ್ಟೇ ಸರಿಸಿ ಒಂದೊಂದೇ ಚೌಕಟ್ಟು ಚಿತ್ರೀಕರಿಸಿದ್ದು ಜಪಾನಿನಲ್ಲಿ, ತಾದಾಹಿತೊ ಮೊಚಿನಾಗ ಅವರ ತಂಡ. ಮರುವರ್ಷ ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’. ಒಂದಕ್ಕೆ ಜನರಲ್ ಎಲೆಕ್ಟ್ರಿಕ್ ಹಣ ಹಾಕಿತ್ತು, ಇನ್ನೊಂದಕ್ಕೆ ಕೋಕಾಕೋಲಾ. ಈ ಎರಡು ಹೆಸರುಗಳ ಕೆಳಗೆ ಗೆರೆ ಎಳೆದಿದ್ದೇನೆ. ಮಕ್ಕಳ ಚಿತ್ರಗಳಿಗೆ ದುಡ್ಡು ಕೊಟ್ಟದ್ದು ಬಲ್ಬು ಮತ್ತು ಪಾನೀಯ ಮಾರುವವರು.

*

ಬೆಳ್ತಂಗಡಿ ತಾಲೂಕು. ದೀಪಾವಳಿಯ ಇರುಳು ಬರೆದ ಪುಟ ಇದು.

ಅಂಗಳದ ತುಳಸಿಕಟ್ಟೆಯ ಹತ್ತಿರ ಹಾಳೆಮರದ ಗೆಲ್ಲು ನೆಟ್ಟು ಬಲಿಯೇಂದ್ರನನ್ನು, ಅಂದರೆ ಬಲಿ ಚಕ್ರವರ್ತಿಯನ್ನು, ನಿಲ್ಲಿಸಿದ್ದಾರೆ. ಅಡ್ಡಪಟ್ಟಿ ಕಟ್ಟಿ, ಕಾಡುಹೂ ಸುತ್ತಿ, ಮೇಲೆ ದೀಪ ಇಟ್ಟಿದ್ದಾರೆ. ಕಣ್ಣು, ಮೂಗು, ಕೈಕಾಲು ಏನೂ ಇಲ್ಲ. ಮನೆಯ ಹಿರಿಯರು ಗದ್ದೆಯ ಅಂಚಿಗೆ ದೀಪ ಒಯ್ದು, ಹೊದಳು, ಅವಲಕ್ಕಿ ಚೆಲ್ಲಿ ಕರೆಯುತ್ತಾರೆ, ಕೊನೆಯಲ್ಲಿ ಎಲ್ಲರೂ ಕೂ ಹಾಕುತ್ತಾರೆ. ಆಚೆ ಬೈಲಿನಿಂದ ಇನ್ನೊಂದು ಮನೆಯ ಕೂ ಕೇಳುತ್ತದೆ. ಈಗ ಗದ್ದೆಗಳು ಅಡಿಕೆ ತೋಟಗಳಾಗಿವೆ, ಕೆಲವು ಕಡೆ ರಬ್ಬರ್ ಬಂದಿದೆ. ಹಾಗಾಗಿ ಆಚೆಯ ಕೂ ಮೊದಲಿನಷ್ಟು ಕೇಳಿಸುವುದಿಲ್ಲ ಎಂದರು.

ಮನೆಯ ಹುಡುಗ ಕೇಳಿದ: “ಅಜ್ಜಿ, ಬಲಿಯೇಂದ್ರನಿಗೆ ಎಂತ ಬಣ್ಣ?”

“ಬಣ್ಣ ಎಂತ ಗೊತ್ತುಂಟು ಮಗಾ? ನಾವು ಕರೀಬೇಕು, ಅವ ಬರ್ತಾನೆ. ಅಷ್ಟೇ.”

ಹುಡುಗನಿಗೆ ಸಮಾಧಾನವಾಗಲಿಲ್ಲ. ಅವನಿಗೆ ಭೀಮನ ಬಣ್ಣ ಗೊತ್ತು, ಕಿತ್ತಳೆ ಪಂಚೆ ಗೊತ್ತು, ಲಾಡು ತಿಂದರೆ ತೋಳು ಉಬ್ಬುವುದು ಗೊತ್ತು. 2008ರಲ್ಲಿ ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆ ಶುರು ಮಾಡಿದ ‘ಛೋಟಾ ಭೀಮ್’ ಅವನ ಅಣ್ಣನ ಬಾಲ್ಯವನ್ನೂ ತುಂಬಿತ್ತು. ಬಲಿಯೇಂದ್ರ ತನ್ನ ಅಂಗಳಕ್ಕೇ ಬರುವವನಾದರೂ ಅವನಿಗೆ ಮುಖವಿಲ್ಲ.

ತುಳುವಿನ ಬಲಿಯ ಪಾಡ್ದನದ (ಹಾಡುಗತೆಯ) ವಿಷಯ ಇಲ್ಲಿ ಹೇಳಲೇಬೇಕು. ಊರಿಂದ ಊರಿಗೆ ಪಾಠ ಬೇರೆ, ಆದರೂ ಒಟ್ಟು ಸಂಗತಿ ಒಂದೇ. ಬಲಿ ವರ್ಷಕ್ಕೊಮ್ಮೆ ಬಂದು ಹೋಗಬಹುದು. ಮತ್ತೆ ಬಂದು ರಾಜ್ಯವಾಳಬೇಕಾದರೆ ಮಾತ್ರ ಆಗದ್ದೆಲ್ಲ ಆಗಬೇಕು. ಬಿಳಿಕಲ್ಲು ಹೂ ಬಿಡಬೇಕು, ಉಪ್ಪು ಕರ್ಪೂರವಾಗಬೇಕು, ಉದ್ದಿನ ಕಾಳು ಮದ್ದಳೆಯಾಗಬೇಕು. ಇಂಥವು ಒಂದರ ಹಿಂದೆ ಒಂದು ಬರುತ್ತಾ ಹೋಗುತ್ತವೆ.

ಇದನ್ನು ಕೇಳುತ್ತಾ ನಿಂತಾಗ ನನಗೆ ಹೊಳೆದದ್ದು ಹೀಗೆ. ಕ್ಯಾಮೆರಾ ಹಿಡಿದು ತೆಗೆದರೆ ಬಿಳಿಕಲ್ಲು ಕಲ್ಲಾಗಿಯೇ ಉಳಿಯುತ್ತದೆ. ಯಕ್ಷಗಾನದಲ್ಲಿ ಅದನ್ನು ಮಾತಿನಿಂದ ಹೇಳಬಹುದು, ಕಾಣಿಸಲು ಕಷ್ಟ. ಆನಿಮೇಷನ್ನಿಗೆ ಇದು ದಿನನಿತ್ಯದ ಕೆಲಸ. ಮೊದಲು ಕಪ್ಪು ಉದ್ದಿನ ಕಾಳೊಂದು ಉರುಳಿ ಬರಲಿ, ನಿಲ್ಲಲಿ, ಎರಡು ತುದಿ ಚಪ್ಪಟೆಯಾಗಲಿ, ಮೈಮೇಲೆ ಬಾರು ಬಿಗಿದುಕೊಳ್ಳಲಿ, ಒಂದು ಕೈ ಬಂದು ಬಲ ಮುಚ್ಚಿಗೆಗೆ ಹೊಡೆಯಲಿ. ಹತ್ತು ಸೆಕೆಂಡಿನ ಕೆಲಸ. ನೂರಾರು ವರ್ಷಗಳಿಂದ ನಮ್ಮ ರೈತರು ಗದ್ದೆಯಂಚಿನಲ್ಲಿ ನಿಂತು ಪ್ರತಿ ದೀಪಾವಳಿಗೆ ಹೇಳುತ್ತಾ ಬಂದಿರುವ ಈ ಸಾಲುಗಳು ಆನಿಮೇಷನ್ನಿಗಾಗಿಯೇ ಹುಟ್ಟಿದವು ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

*

ಮೂಡುಬಿದಿರೆ. ಅಮರಶ್ರೀ ಚಿತ್ರಮಂದಿರದ ರಸ್ತೆಯಲ್ಲಿ ನಡೆಯುತ್ತಾ.

ಆನಿಮೇಷನ್ನಿಗೆ ಪ್ರೇಕ್ಷಕರಿಲ್ಲ ಎನ್ನುವ ಹಾಗಿಲ್ಲ. 2025ರ ಜುಲೈಯಲ್ಲಿ ‘ಮಹಾವತಾರ್ ನರಸಿಂಹ’ ಕನ್ನಡದಲ್ಲೂ ಬಂದಾಗ ಕರ್ನಾಟಕದ ಮನೆಮಂದಿ ಮಕ್ಕಳನ್ನು ಕಟ್ಟಿಕೊಂಡು ಹೋಗಿ ನೋಡಿದರು. ಅದರಲ್ಲಿ ಬರುವ ಪ್ರಹ್ಲಾದನ ಮೊಮ್ಮಗನೇ ಬಲಿ. ಆದರೆ ಅದು ಎರಡು ಗಂಟೆ ದಾಟುವ ದೊಡ್ಡ ಪರದೆಯ ಚಿತ್ರ. ಸಣ್ಣದಕ್ಕೆ ಚಿತ್ರಮಂದಿರದಲ್ಲಿ ಜಾಗವಿಲ್ಲ.

ಟಿವಿಯ ಕತೆ ಬೇರೆ. ಡಬ್ಬಿಂಗ್ ಬೇಡ ಎಂಬ ಕಟ್ಟುಪಾಡು ಕನ್ನಡದಲ್ಲಿ ದಶಕಗಳ ಕಾಲ ಇತ್ತು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ ಅದನ್ನು ತಪ್ಪು ಎಂದಿತು. ಅದಕ್ಕೂ ಮೊದಲೇ, 2009ರಲ್ಲಿ, ಚಿಂಟು ಟಿವಿ ಬಂದು ಕಾರ್ಟೂನುಗಳಿಗೆ ಕನ್ನಡ ಕೊಟ್ಟಿತು. ಆ ಹೊತ್ತಿಗೆ ನಮ್ಮ ಮಕ್ಕಳು ಕಾರ್ಟೂನು ನೋಡಿಯೇ ಹಿಂದಿ ಕಲಿತಾಗಿತ್ತು. ಇವತ್ತಿಗೂ ಬೆಳ್ತಂಗಡಿಯ ಒಳಹಳ್ಳಿಯ ಮಗು ಜಗಳ ಮಾಡುವಾಗ ತುಳುವಿನ ನಡುವೆ ಹಿಂದಿಯ ಬೆದರಿಕೆ ಹಾಕುತ್ತದೆ.

ಇನ್ನೊಂದು ಗೊಂದಲ: ನಾಡಿನ ಮಕ್ಕಳೆಲ್ಲ ಅತ್ತು ಬೆಳೆದ ಗೋವಿನ ಹಾಡಿನ ಕತೆ 2020ರಲ್ಲಿ ಪೂರ್ಣ ಪ್ರಮಾಣದ ಆನಿಮೇಷನ್ ಚಿತ್ರವಾಗಿ ಬಂತು. ‘ಪುಣ್ಯಕೋಟಿ’. ಮಾಡಿದವರು ಬೆಂಗಳೂರಿನ ರವಿಶಂಕರ್ ವಿ., ಸಂಗೀತ ಇಳಯರಾಜ, ಹಣ ಜನರಿಂದ ಕೂಡಿಸಿದ್ದು. ಭಾಷೆ ಸಂಸ್ಕೃತ. ಮಾಡಿದವರ ಶ್ರಮಕ್ಕೆ ಕೈಮುಗಿಯುತ್ತೇನೆ. ಕನ್ನಡದ ಹಸುವಿಗೆ ಕನ್ನಡದಲ್ಲಿ ಹಣ ಕೂಡುತ್ತಿತ್ತೇ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ.

*

ಭಾಷೆಯ ಬಗ್ಗೆ ಇನ್ನಷ್ಟು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ತಾಲೂಕುಗಳಲ್ಲಿ ಒಂದೇ ಬಸ್ಸಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಹವ್ಯಕ ಕನ್ನಡ, ಶಾಲೆಯ ಕನ್ನಡ ಎಲ್ಲ ಕೇಳುತ್ತದೆ. ಬೆಳ್ತಂಗಡಿಯ ಘಟ್ಟದ ಕಡೆ ಮಲಯಾಳವೂ ಸೇರುತ್ತದೆ. ಇಲ್ಲಿಗೆ ಹಬ್ಬದ ಚಿತ್ರ ಯಾವ ಭಾಷೆಯಲ್ಲಿ ಎಂದು ಕೇಳಿದರೆ ಚರ್ಚೆಯಲ್ಲೇ ದೀಪಾವಳಿ ಕಳೆದೀತು. ಮೊಡಂಕಾಪಿನ ಮಕ್ಕಳು ಉತ್ತರ ತೋರಿಸಿದ್ದಾರೆ: ಮಾತು ಬೇಡ. ಚಂಡೆ, ಮದ್ದಳೆ, ಮಳೆ ನಿಂತ ಮೇಲಿನ ಕಪ್ಪೆಯ ಸದ್ದು, ದೂರದಿಂದ ಒಂದು ಕೂ. ಇಷ್ಟು ಸಾಕು. ಎಲ್ಲ ಮನೆಗೂ ಅರ್ಥವಾಗುತ್ತದೆ.

*

ಕಲ್ಲಡ್ಕದ ಗೊಂಬೆಗಳು. ಬಂಟ್ವಾಳ ತಾಲೂಕಿನ ಕಲ್ಲಡ್ಕ ಹೊರಗಿನವರಿಗೆ ಕೆ.ಟಿ., ಅಂದರೆ ಕಲ್ಲಡ್ಕ ಟೀಯಿಂದ ಗೊತ್ತು. ನಮ್ಮ ಕಡೆಯವರಿಗೆ ಮೆರವಣಿಗೆಯ ಗೊಂಬೆಗಳಿಂದಲೂ ಗೊತ್ತು. ಒಬ್ಬ ಮನುಷ್ಯ ದೊಡ್ಡ ತಲೆ ಹೊತ್ತು, ಅಂಗಿ ತೊಟ್ಟು ಗೊಂಬೆಯಾಗಿ ನಡೆದು ಬರುತ್ತಾನೆ. ರಥೋತ್ಸವಗಳಲ್ಲಿ ಬರುವ ತಟ್ಟಿರಾಯನೂ ಇದೇ ಕುಲದವನು, ಎತ್ತರ ಇನ್ನೂ ಹೆಚ್ಚು.

ಹತ್ತಿರ ನಿಂತು ಗಮನಿಸಿದ್ದು: ಗೊಂಬೆಯ ಮುಖಕ್ಕೆ ಭಾವ ಒಂದೇ. ಬಣ್ಣ ಬಳಿದ ದಿನ ಯಾವ ನಗು ಇತ್ತೋ ಅದೇ ನಗು. ಆದರೂ ಮಗುವಿನ ಮುಂದೆ ಬಂದು ಕತ್ತು ಸ್ವಲ್ಪ ವಾಲಿಸಿದರೆ ಅದು ಮುದ್ದು ಮಾಡಿದಂತೆ, ತಟ್ಟನೆ ನಿಂತು ನೆಟ್ಟಗಾದರೆ ಗದರಿಸಿದಂತೆ ಕಾಣುತ್ತದೆ. ಒಳಗಿರುವವನು ಕತ್ತಿನ ಓರೆಯಿಂದ, ಹೆಜ್ಜೆಯ ವೇಗದಿಂದ, ನಿಲ್ಲುವ ಗಳಿಗೆಯಿಂದ ಭಾವ ತರುತ್ತಾನೆ. ಗೊಂಬೆಗೆ ಜೀವ ತುಂಬುವ ಕಲೆಯ ಅರ್ಧ ಪಾಠ ಇದೇ. ಇದನ್ನು ಬಲ್ಲವರು ಪೇಟೆಯ ಬೀದಿಯಲ್ಲಿ ಬೆವರುತ್ತಾ ನಡೆಯುತ್ತಿದ್ದಾರೆ. ಅವರನ್ನು ಒಂದು ಕೋಣೆಗೆ ಕರೆದು, ಅಂಗೈಯಷ್ಟು ಗೊಂಬೆ ಕೊಟ್ಟು, ಪಕ್ಕದಲ್ಲಿ ಕ್ಯಾಮೆರಾ ಇಟ್ಟು ನೋಡಬೇಕೆಂಬ ಆಸೆ ನನಗೆ.

*

ಪಂಜೆ ಮಂಗೇಶರಾಯರು ಹುಟ್ಟಿದ್ದು 1874ರಲ್ಲಿ, ಬಂಟ್ವಾಳದಲ್ಲಿ. ಕನ್ನಡದ ಮಕ್ಕಳ ಸಾಹಿತ್ಯಕ್ಕೆ ನಡಿಗೆ ಕಲಿಸಿದವರು. ಇಂಗ್ಲಿಷ್ ಕವಿ ಬ್ರೌನಿಂಗನ ಇಲಿಗಳನ್ನು ತಂದು ‘ಇಲಿಗಳ ಥಕಥೈ’ ಎಂದು ನಮ್ಮ ತಾಳಕ್ಕೆ ಕುಣಿಸಿದರು. ಹೊರಗಿನ ಕತೆಗೆ ಅವರು ಹೆದರಲಿಲ್ಲ. ಒಳಗಿನದನ್ನೂ ಬಿಡಲಿಲ್ಲ: 1924ರಲ್ಲಿ ‘ಕೋಟಿ ಚೆನ್ನಯ’ ಬರೆದರು. ಅವರ ‘ಹಾವಿನ ಹಾಡು’ ಮಾತ್ರ ಇಂದು ಫೋನುಗಳಲ್ಲಿ ಆನಿಮೇಷನ್ ಆಗಿ ಬೇಕಾದಷ್ಟು ಸಿಗುತ್ತದೆ, ಬಹಳಷ್ಟರಲ್ಲಿ ಕಂಪ್ಯೂಟರಿನ ನುಣ್ಣನೆಯ ಹಾವು. ಪಂಜೆ ಕಂಡ ಹಾವು ನಮ್ಮ ಬೇಲಿಯದು, ನಾಗಬನದ ಭಯಭಕ್ತಿ ಕೂಡಿದ್ದು. ಅಂಥ ಹಾವನ್ನು ಬರೆಯಬಲ್ಲ ಕೈ ಬಂಟ್ವಾಳದಲ್ಲೇ ಸಿಗಬೇಕು.

*

ಕೇರಳದ ಉದಾಹರಣೆ. ‘ಕಂಡಿಟ್ಟುಂಡ್’ ಎಂಬ ಮಲಯಾಳ ಕಿರುಚಿತ್ರ. ಹಿರಿಯರೊಬ್ಬರು ತಾನು ಕಂಡ, ಕೇಳಿದ ಭೂತಪ್ರೇತಗಳ ಕತೆ ಹೇಳುತ್ತಾರೆ. ಅವರ ಧ್ವನಿಯನ್ನೇ ಇಟ್ಟುಕೊಂಡು ಅದಿತಿ ಕೃಷ್ಣದಾಸ್ ಕಪ್ಪುಬಿಳುಪಿನಲ್ಲಿ ಚಿತ್ರ ಬರೆದರು. 69ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಆನಿಮೇಷನ್ ಚಿತ್ರವೆಂದು ಆಯ್ಕೆಯಾಯಿತು. ಒಬ್ಬ ಅಜ್ಜ, ಒಂದು ಧ್ವನಿಮುದ್ರಣ, ಒಳ್ಳೆಯ ಕೈಗಳು. ತುಳುನಾಡಿನಲ್ಲಿ ಭೂತಗಳ ಕತೆ ಹೇಳುವ ಅಜ್ಜಂದಿರಿಗೆ ಬರವೇ?

*

ಲೆಕ್ಕ ಹಾಕಿದೆ. ಸೆಕೆಂಡಿಗೆ 24 ಚೌಕಟ್ಟು. ಹತ್ತು ನಿಮಿಷಕ್ಕೆ 14,400. ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ನಿಲ್ಲಿಸುವ ರೂಢಿಯಂತೆ ಮಾಡಿದರೂ 7,200 ಚಿತ್ರ ಬೇಕು. ಕೆಲವು ಜನ ಒಂದು ವರ್ಷ ಕೂತು ಮಾಡುವ ಕೆಲಸ, ಅವರಿಗೆ ವರ್ಷದ ಊಟ, ಬಾಡಿಗೆ ಸಿಗಬೇಕು. ತಡೆ ಇರುವುದು ಇಲ್ಲೇ. ಕತೆ, ಸಂಗೀತ, ಗೊಂಬೆ, ಬಣ್ಣ ಎಲ್ಲ ಇದ್ದೂ ಆ ಒಂದು ವರ್ಷದ ಖರ್ಚು ಹೊರುವವರಿಲ್ಲ.

ಸರಕಾರದಲ್ಲಿ ಹಣವೇ ಇಲ್ಲವೆಂದಲ್ಲ. ಆನಿಮೇಷನ್ ಉದ್ಯಮಕ್ಕೆಂದು ಕರ್ನಾಟಕ 2012ರಷ್ಟು ಹಿಂದೆಯೇ ನೀತಿ ಮಾಡಿತು, 2024ರಲ್ಲಿ ಅದನ್ನು ಹೊಸದಾಗಿ ತಂದಿತು. ಅದರ ಕಣ್ಣಿರುವುದು ಹೆಚ್ಚಾಗಿ ಉದ್ಯೋಗ, ರಫ್ತಿನ ಮೇಲೆ. ನಮ್ಮ ಹುಡುಗರು ಬೆಂಗಳೂರಿಗೆ ಹೋಗಿ ಪರದೇಶದ ಚಿತ್ರಗಳ ಹೊಗೆ, ಬೆಂಕಿ, ಹಿಮ ತಯಾರಿಸುತ್ತಾರೆ. ಉಜಿರೆಯಲ್ಲಿ ಸಿನಿಮಾ ಮಾಡುವುದನ್ನು, ಮೂಡುಬಿದಿರೆಯ ಆಳ್ವಾಸ್‌ನಲ್ಲಿ ದೃಶ್ಯಕಲೆಯನ್ನು ಕಲಿಸುತ್ತಾರೆ. ಕಲಿತವರು ಬಸ್ಸು ಹಿಡಿದು ಘಟ್ಟ ಹತ್ತುತ್ತಾರೆ.

ಈಗ ಗೆರೆ ಎಳೆದಿಟ್ಟ ಆ ಎರಡು ಹೆಸರುಗಳ ಮಾತು. ನಮ್ಮಲ್ಲಿ ಕೋಕಾಕೋಲಾದ ಜಾಗದಲ್ಲಿ ಯಾರಿದ್ದಾರೆ? ಕ್ಯಾಂಪ್ಕೊ ಇದೆ. 1973ರಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ, 1986ರಿಂದ ಪುತ್ತೂರಿನಲ್ಲಿ ಚಾಕೊಲೇಟ್ ಮಾಡುತ್ತಿದೆ. ಬಂಟ್ವಾಳ, ಬೆಳ್ತಂಗಡಿಯ ತೋಟದವರೂ ಅದಕ್ಕೆ ಅಡಿಕೆ, ಕೊಕ್ಕೊ ಕೊಡುವವರು. ಬಲಿಯೇಂದ್ರನನ್ನು ಕರೆಯುವ ಅಂಗಳಗಳೂ ಬಹುಮಟ್ಟಿಗೆ ಅವರವೇ. ಇದರ ಜೊತೆ ನಮ್ಮ ಹಾಲು ಒಕ್ಕೂಟ ಇದೆ, ಸಹಕಾರಿ ಬ್ಯಾಂಕುಗಳಿವೆ, ಪ್ರತಿ ದೀಪಾವಳಿಗೆ ಪತ್ರಿಕೆಯ ಪುಟ ತುಂಬಾ ಶುಭಾಶಯದ ಜಾಹೀರಾತು ಕೊಡುವ ಅಂಗಡಿಗಳಿವೆ.

ಅವರೆಲ್ಲರಲ್ಲಿ ನನ್ನ ವಿನಂತಿ ಇಷ್ಟು: ಒಂದು ವರ್ಷದ ಶುಭಾಶಯದ ಜಾಹೀರಾತಿನ ಹಣದಲ್ಲಿ ಸ್ವಲ್ಪ ಭಾಗ ಸೇರಿಸಿ, ಆನಿಮೇಷನ್ ಕಲಿತ ಇಲ್ಲಿನ ನಾಲ್ಕೈದು ಹುಡುಗ ಹುಡುಗಿಯರನ್ನು ಒಂದು ವರ್ಷ ಊರಿನಲ್ಲೇ ಉಳಿಸಿ. ಬಲಿಯೇಂದ್ರನ ಹತ್ತು ನಿಮಿಷದ ಚಿತ್ರ ಮಾಡಿಸಿ. ಮಾಡಿದ ಮೇಲೆ ಬೀಗ ಹಾಕಿ ಇಡದೆ ಎಲ್ಲ ಮನೆಗೆ ಉಚಿತವಾಗಿ ಬಿಡಿ, ಪ್ರತಿ ವರ್ಷ ಅದೇ ದಿನ ತೋರಿಸಿ. ಓದುವವರಲ್ಲೂ ಒಂದು ಮಾತು: ನಿಮ್ಮ ಮನೆಯಲ್ಲಿ ಬಲಿಯನ್ನು ಕರೆಯುವ ಪಾಠ ಬಲ್ಲ ಹಿರಿಯರಿದ್ದರೆ ಬರುವ ದೀಪಾವಳಿಗೇ ಅವರ ಧ್ವನಿಯನ್ನು ಫೋನಿನಲ್ಲಿ ಮುದ್ರಿಸಿಡಿ. ಚಿತ್ರ ತಡವಾದರೂ ನಡೆಯುತ್ತದೆ, ಧ್ವನಿ ಕಾಯುವುದಿಲ್ಲ.